ಅಧ್ಯಕ್ಷರು ಬರೆದ ಡ್ರೈವರ್

ಹುಣಸೂರಿನಲ್ಲಿ ಒಬ್ಬ ಮನುಷ್ಯ ಎಷ್ಟು ದೊಡ್ಡವನು ಅಂತ ತಿಳಿಯಬೇಕಾದರೆ ಅವನ ಮನೆಗಾಗಲಿ ಜಮೀನಿಗಾಗಲಿ ಹೋಗಬೇಕಾಗಿಲ್ಲ, ನನ್ನ ಫ್ಲೆಕ್ಸ್ ಅಂಗಡಿಗೆ ಬಂದರೆ ಸಾಕು. ಯಾರ ತಲೆ ಬ್ಯಾನರಿನ ನಡುಮಧ್ಯೆ ಕೂರಬೇಕು, ಯಾರದು ಮೇಲೆ ದುಂಡಗೆ, ಯಾರದು ಕೆಳಗೆ ಬೆಂಕಿಪೆಟ್ಟಿಗೆ ಗಾತ್ರದಲ್ಲಿ ಸಾಲಾಗಿ, ಎಲ್ಲ ಇಲ್ಲಿಯೇ ತೀರ್ಮಾನವಾಗುತ್ತದೆ. ಬಸ್ ಶೆಲ್ಟರ್ ಉದ್ಘಾಟನೆಯಿಂದ ಹಿಡಿದು ಹಸುಗಳಿಗೆ ಲಸಿಕೆ ಹಾಕಿಸುವ ಶಿಬಿರದವರೆಗೆ ಎಷ್ಟೋ ಬ್ಯಾನರ್ ಹಾಕಿದ್ದೇನೆ. ಶೆಲ್ಟರ್ ಕಟ್ಟಿದ ಗಾರೆಯವನ ಮುಖವಾಗಲಿ, ಹಸುವಿನಿಂದ ಒದೆಸಿಕೊಂಡ ಕಾಂಪೌಂಡರನ ಮುಖವಾಗಲಿ ಒಂದರಲ್ಲೂ ಬಂದಿಲ್ಲ. ಅಚ್ಚು ಹಾಕುವವನು ನಾನೇ ಆದ್ದರಿಂದ ಈ ಮಾತಿಗೆ ಬೇರೆ ಸಾಕ್ಷಿ ಬೇಡ.

ಈ ತಲೆಗಳನ್ನು ಕತ್ತರಿಸಿ ಕೂರಿಸುವ ಕೆಲಸ ನಮ್ಮ ಅಂಗಡಿಯಲ್ಲಿ ರೂಪಶ್ರೀಯದು. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದ ಹೆಣ್ಣುಮಗಳು, ಹುಣಸೂರಿಗೆ ಮದುವೆಯಾಗಿ ಬಂದವಳು. ಓದಿದ್ದು ಬಿ.ಎ., ಕಂಪ್ಯೂಟರ್ ಕಲಿತದ್ದು ಕೆಟ್ಟುಹೋದ ಕಂಪ್ಯೂಟರುಗಳಿಂದ. ವಿನಯ ಅನ್ನುವ ಪದಾರ್ಥ ಅವಳ ಹತ್ತಿರ ಇಲ್ಲ. ತಾನು ಬುದ್ಧಿವಂತೆ ಅಂತ ಅವಳಿಗೆ ಗೊತ್ತು. ನಮಗೆ ಮರೆತುಹೋಗದಂತೆ ಆಗಾಗ ನೆನಪಿಸುತ್ತಲೂ ಇರುತ್ತಾಳೆ.

"ಸುರೇಶಣ್ಣ, ಈ ಮೂತಿಗೆ ಇನ್ನೂ ಎಷ್ಟ್ ಬಿಳಿ ಬಳೀಲಿ? ಇನ್ನೊಂದ್ ಕೈ ಬಳದ್ರೆ ಅಂಗಿ ಎಲ್ ಮುಗೀತು, ಮೊಕ ಎಲ್ ಶುರುವಾಯ್ತು ಅಂತ ಗೊತ್ತಾಗಕಿಲ್ಲ ಕಣ."

ಹಾಗೆ ಬಿಳಿ ಬಳಿಸಿಕೊಳ್ಳುತ್ತಿದ್ದ ಮೂತಿ ಬಹುಮಟ್ಟಿಗೆ ಪುಟ್ಟಮಲ್ಲಪ್ಪನವರದು. ಅವರು ನಮ್ಮ ಕಡೆಯ ಹೊಗೆಸೊಪ್ಪು ಬೆಳೆಗಾರರ ಸಂಘದ ಅಧ್ಯಕ್ಷರು. ಅಧ್ಯಕ್ಷರಿಗೆ ಕೆಲಸ ಏನು ಅಂತ ನನ್ನನ್ನು ಕೇಳಬೇಡಿ, ಅವರಿಗೇ ಯಾರೂ ಹೇಳಿಲ್ಲ. ಎದ್ದರೆ ಸ್ವಾಗತ, ಕೂತರೆ ವಂದನೆ, ನಡುವೆ ಹಾರ. ಅವರ ಹಿಂದೆ ಅವರ ಫೋನು ಹಿಡಿದುಕೊಂಡು ಓಡಾಡುವ ಕಾರ್ಯದರ್ಶಿ ಚಲುವರಾಜು. ಅಧ್ಯಕ್ಷರು ನಕ್ಕರೆ ಇವನು ನಗುತ್ತಾನೆ, ಅವರು ಕೆಮ್ಮಿದರೆ ಇವನು ನೀರು ತರುತ್ತಾನೆ.

ಈ ಸಂಘಕ್ಕೆ ಮೈಸೂರಿನ ಯಾವುದೋ ಕಂಪನಿಯವರು ತಮ್ಮ ಹಳೆಯ ಕಂಪ್ಯೂಟರುಗಳನ್ನು ದಾನ ಕೊಟ್ಟರು. ಬಿಸಾಕುವುದಕ್ಕೆ ಆಟೋ ಕರೆಯುವ ಬದಲು ಪುಟ್ಟಮಲ್ಲಪ್ಪನವರನ್ನು ಕರೆದರು ಅಂತಿಟ್ಟುಕೊಳ್ಳಿ. ಅದಕ್ಕೂ ಒಂದು ಫ್ಲೆಕ್ಸ್ ಆಯಿತು. ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಹನಗೋಡು ಕಡೆಯ ಬೆಳೆಗಾರರು ಸಂಘದ ಹಾಲ್‌ಗೆ ಬಂದು ಹರಾಜಿಗೆ ತಮ್ಮ ಊರಿನ ಸರದಿ ಯಾವತ್ತು, ಸೊಪ್ಪು ಕಟ್ಟಿದ ಬೇಲ್ ಯಾವತ್ತು ತರಬೇಕು ಅಂತ ತಾವೇ ನೋಡಿಕೊಳ್ಳಲಿ ಎಂಬುದು ಉದ್ದೇಶ. ಆದರೆ ಪೆಟ್ಟಿಗೆಗಳು ಮುದಿಯಾಗಿದ್ದವು. ಅಂಗಡಿಯಲ್ಲಿ ಸಿಗುವ ಹೊಸ ಸಾಫ್ಟ್‌ವೇರ್ ಹಾಕಿದರೆ ಏದುಸಿರು ಬಿಡುತ್ತಿದ್ದವು.

ರೂಪಶ್ರೀ ತಾನಾಗಿಯೇ ಹೋಗಿ ಒಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟಳು. ಅಂದರೆ ಯಾರ ಸ್ವತ್ತೂ ಅಲ್ಲದ್ದು. ಲೋಕದ ಯಾವ ಮೂಲೆಯವರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ತಿದ್ದಿದ್ದು ಸರಿಯಾಗಿದೆ ಅಂತ ಅದನ್ನು ನೋಡಿಕೊಳ್ಳುವವರಿಗೆ ಅನ್ನಿಸಿದರೆ ಮೂಲಕ್ಕೇ ಸೇರಿಸಿಕೊಳ್ಳುತ್ತಾರೆ. ಕಂಪ್ಯೂಟರುಗಳು ಎದ್ದು ಕೂತವು. ಆದರೆ ಇಂಟರ್‌ನೆಟ್ ಇಲ್ಲ. ಒಳಗಿದ್ದ ನೆಟ್‌ವರ್ಕ್ ಕಾರ್ಡು ಹೆಸರು ದೆಸೆ ಇಲ್ಲದ ಕಂಪನಿಯದು. ನೀಲಿ ವೈರಿನಲ್ಲಿ ಬಂದದ್ದನ್ನು ಒಳಗೆ ತೆಗೆದುಕೊಳ್ಳುವ, ಒಳಗಿನದನ್ನು ಹೊರಗೆ ಕಳಿಸುವ ಹಲಗೆ ಅದು. ಅದರ ಜೊತೆ ಹೇಗೆ ಮಾತಾಡಬೇಕು ಅಂತ ಕಂಪ್ಯೂಟರಿಗೆ ಹೇಳಿಕೊಡುವ ಬರಹಕ್ಕೆ ಡ್ರೈವರ್ ಅನ್ನುತ್ತಾರೆ. ಈ ಕಾರ್ಡಿಗೆ ಅಂಥದ್ದನ್ನು ಯಾರೂ ಬರೆದಿರಲಿಲ್ಲ.

"ಗುಜರಿಗೆ ಹಾಕನ ಬುಡವ್ವ. ಫೋಟೋ ಅಂತೂ ಆಯ್ತಲ್ಲ," ಅಂದರು ಪುಟ್ಟಮಲ್ಲಪ್ಪನವರು.

"ನಾನ್ ಬರೀತೀನಿ," ಅಂದಳು ರೂಪಶ್ರೀ.

"ಏನ?"

"ಡ್ರೈವರ್‌ನ."

ಅಧ್ಯಕ್ಷರು ಚಲುವರಾಜುವಿನ ಕಡೆ ತಿರುಗಿದರು. "ನಮ್ ಡ್ರೈವರ್ ಎಲ್ಲೋದ್ನಲಾ?" ಚಲುವರಾಜು ಕಾರಿನ ಕಡೆಗೆ ಓಡಿದ. ಅವನನ್ನು ಅರ್ಧ ದಾರಿಯಿಂದ ವಾಪಸ್ ಕರೆದದ್ದು ನಾನು.

ಆಮೇಲೆ ಬಹಳ ದಿನ ಅವಳ ತಲೆಯಲ್ಲಿ ಅದೇ. ಬೆಳಿಗ್ಗೆ ಯಾರದೋ ಹುಟ್ಟುಹಬ್ಬದ ತಲೆ ಕೂರಿಸುವಳು, ಮಧ್ಯಾಹ್ನ ಸಂಘದ ಹಾಲ್‌ಗೆ ಹೋಗುವಳು. ಆ ಕಾರ್ಡಿನ ಬಗ್ಗೆ ಕೈಪಿಡಿ ಅಂತ ಒಂದೂ ಇರಲಿಲ್ಲ. ಅದನ್ನು ಹೋಲುವ ಬೇರೆ ಕಾರ್ಡಿಗೆ ಯಾರೋ ಬರೆದಿದ್ದ ಡ್ರೈವರ್ ಓದಿ, ಈ ಜಾಗಕ್ಕೆ ಈ ಸಂಖ್ಯೆ ಹಾಕಿದರೆ ಏನಾಗುತ್ತದೆ ಅಂತ ಒಂದೊಂದೇ ಹಾಕಿ ನೋಡುವಳು. ಕಾರ್ಡು ಕೆಲವಕ್ಕೆ ಸುಮ್ಮನಿರುತ್ತಿತ್ತು, ಕೆಲವಕ್ಕೆ ಇಡೀ ಕಂಪ್ಯೂಟರನ್ನೇ ಕಲ್ಲು ಮಾಡಿ ಕೂರಿಸುತ್ತಿತ್ತು. ಅಂಗಡಿಗೆ ಬಂದು ನನ್ನ ಎದುರು ಬೈಯುವಳು. ಬೈಗುಳ ಕಾರ್ಡಿಗೋ, ಕಾರ್ಡು ಮಾಡಿದವರಿಗೋ, ಎದುರಿಗೆ ಕೂತ ನನಗೋ ಗೊತ್ತಾಗುತ್ತಿರಲಿಲ್ಲ.

"ಒಳಗೆ ಏನಾಗ್ತದೆ ಅಂತಾದರೂ ಹೇಳು," ಅಂದೆ ಒಂದು ದಿನ.

"ಬ್ಯಾರನ್‌ಗೆ ಸೊಪ್ಪು ಕಟ್ಟದು ನೋಡಿದ್ದೀಯಲ್ಲ?"

ನೋಡದೆ ಇರುತ್ತೇನೆಯೆ? ನಮ್ಮ ಕಡೆ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ ಏರಿಸಿ ಬೇಯಿಸುತ್ತಾರೆ. ಬೆಂದ ಮೇಲೆ ಇಳಿಸಿ, ಸೊಪ್ಪು ಬಿಚ್ಚಿಕೊಂಡು, ಖಾಲಿ ಕಡ್ಡಿಗಳನ್ನು ಮತ್ತೆ ಕಟ್ಟುವವರ ಮುಂದೆ ಹಾಕುತ್ತಾರೆ.

"ಇದೂ ಅಂಗೇ. ನಾನ್ ಕಾರ್ಡ್ ಮುಂದೆ ಖಾಲಿ ಕಡ್ಡಿ ಇಡ್ಬೇಕು. ಅದು ಹೊರಗಿಂದ ಬಂದಿದ್ದ ಕಟ್ಟಿ ಕೊಡ್ತದೆ. ನಾನು ಬಿಚ್ಕೊಂಡು ಕಡ್ಡಿ ವಾಪಸ್ ಕೊಡ್ಬೇಕು. ಕೊಡದಿದ್ರೆ?"

"ಕಟ್ಟೋರು ಕೈ ಕಟ್ಕೊಂಡು ಕೂತ್ಕೋತಾರೆ."

"ಅದೇ. ಕೂತದೆ ನೋಡು ಈಗ, ಮಾರಾಯ್ತಿ ಥರ."

ಒಂದು ಮಧ್ಯಾಹ್ನ ಸಂಘದಿಂದ ಫೋನು ಬಂತು. "ಸುರೇಶಣ್ಣ, ಬಾರಣ್ಣ. ಬೇಗ." ಹೋದೆ. ಅಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಹರಾಜು ಮಾರುಕಟ್ಟೆಯ ಪುಟ ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ರೂಪಶ್ರೀ ಪರದೆಯಿಂದ ಕಣ್ಣು ತೆಗೆಯದೆ ಅಂದಳು:

"ಇದುವರ್ಗೆ ನಾನ್ ಮಾಡಿದ್ ಯಾವ್ದರಲ್ಲೂ ನನ್ ಹೆಸರಿಲ್ಲ ಕಣಣ್ಣ. ಫ್ಲೆಕ್ಸ್ ಮೂಲೇಲಿ ನಿನ್ ಅಂಗಡಿ ಹೆಸರಾದ್ರು ಇರ್ತದೆ. ಇದ್ನ ಮೂಲಕ್ಕೆ ಸೇರಿಸ್ಕಂಡ್ರೆ ಫೈಲಿನ ತಲೆ ಮೇಲೆ ಬರ್ದೋರ ಹೆಸರು ಹಾಕ್ತಾರೆ. ಅದೊಂದು ಆಗ್ಲಿ, ಸಾಕು."

ಮೂಲಕ್ಕೆ ಸೇರಿಸಲೇಬೇಕು, ಇಲ್ಲದಿದ್ದರೆ ಮುಂದೆ ಸಿಸ್ಟಂ ಹೊಸದಾದಾಗಲೆಲ್ಲ ಇದು ಕೆಟ್ಟು ಕೂರುತ್ತದೆ ಅಂತಲೂ ಹೇಳಿದಳು. ಅದಕ್ಕೂ ಮೊದಲು ಒಂದು ಪರೀಕ್ಷೆ ಬಾಕಿ ಇತ್ತು. ಎಲ್ಲ ಕಂಪ್ಯೂಟರುಗಳಲ್ಲಿ ಜನ ಒಟ್ಟಿಗೆ ಕೂತು ದಬದಬ ಒತ್ತಿದಾಗ ತಡೆಯುತ್ತದೆಯೋ ಇಲ್ಲವೋ ನೋಡಬೇಕಿತ್ತು.

ಆದರೆ ಇಂಟರ್‌ನೆಟ್ ಬಂತಂತೆ ಅನ್ನುವ ಸುದ್ದಿ ಅಷ್ಟರಲ್ಲಿ ಅಧ್ಯಕ್ಷರ ಕಿವಿಗೆ ಬಿದ್ದಿತ್ತು. ಮಾರನೆಯ ದಿನ ಅವಳು ಹೋದರೆ ಹಾಲ್‌ಗೆ ಬೀಗ. ಬೀಗದ ಕೈ ಪುಟ್ಟಮಲ್ಲಪ್ಪನವರ ಕಾರಿನ ಕೀ ಗೊಂಚಲಿನಲ್ಲಿ. ಅವರು ನನ್ನ ಅಂಗಡಿಗೇ ಬಂದು ಕುರ್ಚಿ ಎಳೆದು ಕೂತರು. ಚಲುವರಾಜು ಹಿಂದೆ ನಿಂತ.

"ಕೂಸು, ಆ ಬರವಣ್ಗೆ ಮ್ಯಾಲೆ ಹೆಸರು ಹಾಕ್ತಾರಂತೆ?"

"ಹೂಂ. ಬರ್ದೋರ್ದು."

"ಕಂಪ್ಯೂಟ್ರು ಯಾರ್ದು?"

"ಸಂಘದ್ದು."

"ಕರೆಂಟು?"

"ಸಂಘದ್ದು."

"ಸಂಘ ಯಾರ್ದು?" ಅಂದರು. ಈ ಪ್ರಶ್ನೆಗೆ ಬೆಳೆಗಾರರದು ಅನ್ನುವುದು ಉತ್ತರ ಅಂತ ನಾನು ತಿಳಿದಿದ್ದೆ. ಚಲುವರಾಜು ನನಗಿಂತ ಚುರುಕು. "ಅಧ್ಯಕ್ಷರದು!" ಅಂದ.

"ಅಂಗಾದ್ರೆ ಮೊದ್ಲು ನಮ್ ಹೆಸರು. ಆಮೇಲೆ ಚಲುವರಾಜು, ಆಮೇಲೆ ನಿರ್ದೇಶಕರು, ಸಾಲಾಗೆ. ನಿನ್ ಹೆಸರು ಕೊನೇಲಿ, ಸಹಕಾರ ಅಂತ. ನಾವೇನ್ ನಿನ್ನ ಬುಟ್ಬುಡ್ತೀವಾ? ಆಯ್ತು ಅಂದ್ರೆ ಬೀಗ ತೆಗಿಸ್ತೀನಿ. ಇಲ್ಲಾ ಅಂದ್ರೆ ಗುಜರಿಯವನಿಗೆ ಹೇಳಿದ್ದೀನಿ, ನಾಳಿದ್ದು ಗಾಡಿ ತತ್ತಾನೆ."

ರೂಪಶ್ರೀ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಫೋಟೋದಿಂದ ತಲೆ ಕತ್ತರಿಸುವ ಮುಂಚೆ ನೋಡುವಂತೆ.

"ಅಧ್ಯಕ್ಷ್ರೆ, ಅದು ಫ್ಲೆಕ್ಸ್ ಅಲ್ಲ. ಅಲ್ಲಿ ಹೆಸರು ಹಾಕಿದ್ರೆ ಕೆಟ್ಟೋದಾಗ ಅವ್ರನ್ನೇ ಕೇಳ್ತಾರೆ."

"ಕೇಳ್ಲಿ. ಕೇಳೋರು ಇದ್ರೇನೇ ಬೆಲೆ."

"ಉತ್ರ ಕೊಡ್ಬೇಕಾಯ್ತದೆ."

"ಅದ್ಕೆ ನೀನಿದ್ದೀಯಲ್ಲವ್ವ!" ಅಂದು ನಕ್ಕರು. ಚಲುವರಾಜುವೂ ನಕ್ಕ. ಈ ಒಂದು ಮಾತಿನಲ್ಲಿ ನಮ್ಮ ತಾಲ್ಲೂಕಿನ ಸಾರ್ವಜನಿಕ ಜೀವನ ಅಷ್ಟೂ ಅಡಗಿದೆ ಅಂತ ನನಗೆ ಅನ್ನಿಸಿತು.

ಅವಳು ಒಪ್ಪಿದಳು. ಗುಜರಿಗೆ ಹೋಗುವುದಕ್ಕಿಂತ ಅದು ಬದುಕಲಿ ಅಂತ ಒಪ್ಪಿದಳು. ಹಲ್ಲು ಕಚ್ಚಿಕೊಂಡು, ನಾವು ಬ್ಯಾನರಿಗೆ ಹಾಕುವ ಕ್ರಮದಲ್ಲಿಯೇ ಹೆಸರುಗಳನ್ನು ಹೊಡೆದಳು. ಅಧ್ಯಕ್ಷರು, ಕಾರ್ಯದರ್ಶಿ, ನಿರ್ದೇಶಕರು, ಆ ನಿರ್ದೇಶಕರಲ್ಲಿ ಕಂಪ್ಯೂಟರನ್ನು ಟಿ.ವಿ. ಅಂತ ತಿಳಿದಿದ್ದವರೂ ಇದ್ದರು. ಎಲ್ಲರ ಹಿಂದೆ 'ಸಹಕಾರ: ರೂಪಶ್ರೀ'. ತಮ್ಮ ಹೆಸರಿನ ಮುಂದೆ 'ಶ್ರೀ' ಇಲ್ಲವಲ್ಲ ಅಂತ ಒಬ್ಬ ನಿರ್ದೇಶಕರು ಮುನಿಸಿಕೊಂಡರು, ಅದೂ ಸೇರಿತು. ಪರೀಕ್ಷೆಗೆ ಕಾಯಲು ಅಧ್ಯಕ್ಷರು ಬಿಡಲಿಲ್ಲ, ಹಾಗೆಯೇ ಕಳಿಸಿದಳು.

ಸಿಸ್ಟಮ್ಮಿಗೆ ಬರುವ ಡ್ರೈವರುಗಳನ್ನು ಓದಿ ಒಪ್ಪುವವಳು ಯಾನಾ ಅಂತ ಒಬ್ಬ ಹೆಂಗಸು, ಯುರೋಪಿನ ಕಡೆಯವಳು. ಆ ಸಿಸ್ಟಮ್ಮಿನವರ ಪತ್ರವೆಲ್ಲ ಬಯಲಲ್ಲಿ. ಯಾರು ಯಾರಿಗೆ ಏನು ಬರೆದರು ಅಂತ ಜಗತ್ತು ಓದಬಹುದು. ಯಾನಾ ಬರೆದಳು: ಕೋಡ್ ಚೆನ್ನಾಗಿದೆ, ಆದರೆ ಇಷ್ಟೊಂದು ಲೇಖಕರನ್ನು ಒಂದೇ ಕಾರ್ಡಿಗೆ ನಾನು ನೋಡಿಲ್ಲ. ಇದು ತಮ್ಮ ಹೊಣೆ ಅಂತ ಒಬ್ಬೊಬ್ಬರೂ ಬರೆದು ತಿಳಿಸಲಿ. ಇದಕ್ಕೆ ಮೇಂಟೇನರ್ ಯಾರು?

"ಮೇಂಟೇನರ್ ಅಂದ್ರೆ?" ಅಂದರು ಅಧ್ಯಕ್ಷರು.

"ಇದ್ನ ಮುಂದಕ್ಕೆ ನೋಡ್ಕಳೋರು. ಯಾರೇ ತಿದ್ದುಪಡಿ ಕಳ್ಸಿದ್ರೂ ಅವ್ರು ಓದಿ ಸರಿ ಅಂದ್ರೇನೇ ಒಳಗೋಗದು. ಆ ಜಾಗ ನಂಗೆ ಬುಡಿ ಅಧ್ಯಕ್ಷ್ರೆ. ಮಿಕ್ಕಿದ್ದೆಲ್ಲ ಇಟ್ಕಳಿ."

ಅಷ್ಟು ಮೆತ್ತಗೆ ಅವಳು ಯಾರನ್ನೂ ಏನನ್ನೂ ಕೇಳಿದ್ದಿಲ್ಲ. ಕೇಳಬಾರದಿತ್ತು. ಯಾವ ಜಾಗವನ್ನು ಇನ್ನೊಬ್ಬರು ಬೇಕು ಅನ್ನುತ್ತಾರೋ ಅದು ದೊಡ್ಡ ಜಾಗವೇ ಇರಬೇಕು ಅನ್ನುವುದು ಪುಟ್ಟಮಲ್ಲಪ್ಪನವರ ಲೆಕ್ಕ.

"ಎಲ್ರೂ ಇವ್ರ ಒಪ್ಗೆ ಕೇಳ್ಬೇಕು ಅಂತಿದ್ದೀಯ. ಅಂದ್ಮೇಲೆ ಅದು ಅಧ್ಯಕ್ಷ ಸ್ಥಾನ ಕಣವ್ವ. ಚಲುವರಾಜು, ಬರಿಯಪ್ಪ."

ಚಲುವರಾಜುವಿನ ಇಂಗ್ಲಿಷು ತಹಸೀಲ್ದಾರರಿಗೆ ಅರ್ಜಿ ಬರೆದು ಬರೆದು ಪಳಗಿದ್ದು. ಮಹನೀಯರೇ, ಈ ಮೂಲಕ ತಮ್ಮಲ್ಲಿ ಸವಿನಯ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ಡ್ರೈವರಿನ ಸಂಪೂರ್ಣ ಹೊಣೆಯನ್ನು ಎಲ್ಲರ ಪರವಾಗಿ ನಮ್ಮ ಅಧ್ಯಕ್ಷರು ತುಂಬು ಹೃದಯದಿಂದ ವಹಿಸಿಕೊಂಡಿರುತ್ತಾರೆ ಅನ್ನುವ ಅರ್ಥದ್ದನ್ನು ಅಧ್ಯಕ್ಷರ ಮೇಲ್‌ನಿಂದಲೇ ಕಳಿಸಿದ. ಯಾನಾ ನಂಬಿದಳು. ಬರೆದ ಮಾತನ್ನು ನಂಬುವ ಊರಿನವಳಿರಬೇಕು, ಪಾಪ. ಡ್ರೈವರ್ ಮೂಲಕ್ಕೆ ಸೇರಿತು.

"ಆ ಪರೀಕ್ಷೆ ಒಂದ್ ಮುಗಿಸ್ಬುಡ್ತೀನಿ, ಆಮೇಲೆ ಫಂಕ್ಷನ್ ಮಾಡಿ," ಅಂತ ರೂಪಶ್ರೀ ಬೇಡಿಕೊಂಡಳು.

"ಮಾನ್ಯ ಶಾಸಕರ ಡೇಟ್ ಸಿಕ್ಕಾಗದೆ ಕಣವ್ವ."

ಫ್ಲೆಕ್ಸ್ ನನ್ನ ಅಂಗಡಿಯಲ್ಲಿಯೇ ಆಯಿತು. ವಿನ್ಯಾಸ ಮಾಡಿದ್ದು ಯಾರು ಅಂತ ಬೇರೆ ಹೇಳಬೇಕೆ? ನಡುವೆ ಮೈಸೂರು ಪೇಟ ತೊಟ್ಟ ಪುಟ್ಟಮಲ್ಲಪ್ಪನವರು, ಅವರ ಒಂದು ಕೈಯಲ್ಲಿ ಹೊಗೆಸೊಪ್ಪಿನ ಎಲೆ, ಇನ್ನೊಂದು ಕೈಯಲ್ಲಿ ನೆಟ್‌ವರ್ಕ್ ಕಾರ್ಡ್, ಹಿಂದೆ ಭೂಗೋಳ. 'ಜಗತ್ತಿಗೇ ಡ್ರೈವರ್ ಬರೆದುಕೊಟ್ಟ ನಮ್ಮ ಹೆಮ್ಮೆಯ ಅಧ್ಯಕ್ಷರು'. ಅಧ್ಯಕ್ಷರ ಕೈಬೆರಳುಗಳನ್ನು ಕಾರ್ಡಿನ ಸುತ್ತ ಕೂರಿಸುತ್ತ ರೂಪಶ್ರೀ ಅಂದಳು, "ಅಣ್ಣ, ಉಲ್ಟಾ ಹಿಡ್ಕಂಡವ್ರೆ. ಇರ್ಲಿ ಬುಡು, ಅಂಗೇ ಚೆಂದ." ಸಮಾರಂಭದಲ್ಲಿ ಅಧ್ಯಕ್ಷರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ. ಸಹಕಾರದವಳಿಗೆ ಸ್ವಾಗತಗೀತೆಯ ಮೈಕ್ ಹಿಡಿಯುವ ಕೆಲಸ.

ಮೊದಲ ದೂರು ಬಂದದ್ದು ಬ್ರೆಜಿಲ್‌ನಿಂದ. ಅಲ್ಲಿನ ಒಂದು ಶಾಲೆಯಲ್ಲಿ ಇದೇ ಕಾರ್ಡಂತೆ. ಮಕ್ಕಳೆಲ್ಲ ಒಟ್ಟಿಗೆ ಕೂತರೆ ಕಾರ್ಡು ನಿಂತುಹೋಗುತ್ತದೆ, ದಯವಿಟ್ಟು ನೋಡಿ ಅಂತ. ಅಧ್ಯಕ್ಷರು ಆ ಮೇಲ್ ಅನ್ನು ಹೋಟೆಲಿನಲ್ಲಿ, ಸೆಲೂನಿನಲ್ಲಿ, ಒಂದು ತಿಥಿ ಊಟದ ಪಂಕ್ತಿಯಲ್ಲಿ ಕೂಡ ತೋರಿಸಿದರು. "ಬ್ರೆಜಿಲ್ಲಿಂದ ಬರ್ದವ್ರೆ ಕಣ್ರಲಾ, ಡಿಯರ್ ಪುಟ್ಟಮಲ್ಲಪ್ಪ ಅಂತ!" ಉತ್ತರ ಮಾತ್ರ ಬರೆಯಲಿಲ್ಲ. ಆಮೇಲೆ ಟರ್ಕಿ, ಆಮೇಲೆ ಕೇರಳ. ಡಿಯರ್ ಅನ್ನುವುದು ಬರಬರುತ್ತಾ ಬಿದ್ದುಹೋಯಿತು. ಒಬ್ಬ ಬರೆದಿದ್ದ: ಪುಟ್ಟಮಲ್ಲಪ್ಪ ಅನ್ನುವವರು ಬದುಕಿದ್ದಾರೆಯೇ?

ಅದನ್ನು ಅಧ್ಯಕ್ಷರು ಯಾರಿಗೂ ತೋರಿಸಲಿಲ್ಲ. ಆದರೆ ಬಯಲಲ್ಲಿ ಇದ್ದದ್ದರಿಂದ ರೂಪಶ್ರೀ ಎಲ್ಲವನ್ನೂ ಓದುತ್ತಿದ್ದಳು. ಆ ದೂರುಗಳನ್ನು ಓದಿಯೇ ತಪ್ಪು ಎಲ್ಲಿದೆ ಅಂತ ಹಿಡಿದಳು. ನೂಕುನುಗ್ಗಲಿನಲ್ಲಿ ಕೆಲವು ಖಾಲಿ ಕಡ್ಡಿಗಳು ಕಾರ್ಡಿಗೆ ವಾಪಸ್ ಹೋಗುತ್ತಿರಲಿಲ್ಲ. ಅಷ್ಟಷ್ಟೇ ಕಳೆದು ಕೊನೆಗೆ ಕೈಗೆ ಒಂದೂ ಉಳಿಯುತ್ತಿರಲಿಲ್ಲ. ಬಾಕಿ ಉಳಿಸಿದ್ದ ಆ ಒಂದು ಪರೀಕ್ಷೆ ಮಾಡಿದ್ದರೆ ಅವತ್ತೇ ಸಿಗುತ್ತಿತ್ತು. ತಿದ್ದಿ ಕಳಿಸಿದಳು. ಯಾನಾ ಬರೆದಳು: ನೋಡಿದರೆ ಸರಿ ಅನ್ನಿಸುತ್ತದೆ, ಆದರೆ ಮೇಂಟೇನರ್ ಒಪ್ಪಬೇಕು. ಶ್ರೀ ಪುಟ್ಟಮಲ್ಲಪ್ಪ, ಈ ತಿದ್ದುಪಡಿ ಯಾಕೆ ಬೇಕು ಅಂತ ನಿಮ್ಮ ಮಾತಿನಲ್ಲಿ ಹೇಳುತ್ತೀರಾ?

ಚಲುವರಾಜು ತುಂಬು ಹೃದಯದಿಂದ ಒಪ್ಪಿಗೆ ಸೂಚಿಸಿ, ಯಾನಾಳನ್ನು ಸಂಘದ ವಾರ್ಷಿಕೋತ್ಸವಕ್ಕೆ ಆಹ್ವಾನಿಸಿದ. ಯಾನಾ ಒಂದೇ ಸಾಲು ಬರೆದಳು: ನಾನು ಕೇಳಿದ್ದು ಬೇರೆ.

"ಅವ್ರು ಕೇಳಿದ್ಕೆ ನೀನೇ ಒಂದ್ ನಾಕ್ ಸಾಲು ನನ್ ಹೆಸರಲ್ಲಿ ಬರ್ದಾಕವ್ವ," ಅಂತ ಅಧ್ಯಕ್ಷರು ಫೋನು ಮಾಡಿದರು.

"ಫ್ಲೆಕ್ಸಲ್ಲಿ ನಿಮ್ ಹೆಸರಲ್ಲಿ ಬರ್ದಿದ್ದು ಸಾಲ್ದಾ? ಅಲ್ಲಿ ಬರೆಯಕಿಲ್ಲ. ನೀವು ಬರೀಲಿಲ್ಲ ಅಂತ ನೀವೇ ಬರೀರಿ, ಆ ಜಾಗ ಬುಡಿ. ಆಮೇಲಿಂದು ನಾನ್ ನೋಡ್ಕತೀನಿ."

"ಏನ್ ಮಾತಾಡ್ತೀಯ? ಸಂಘದ ಮರ್ವಾದೆ..."

ಅವಳು ಫೋನಿಟ್ಟಳು.

ತಿದ್ದುಪಡಿ ಒಪ್ಪಿಗೆಗೆ ಕಾದು ಕೂತಿರುವಾಗಲೇ ಹರಾಜು ಶುರುವಾಯಿತು. ಬೆಳೆಗಾರರು ಸರದಿ ನೋಡುವುದಕ್ಕೆ ಸಂಘಕ್ಕೆ ಬಂದರು. ಸರಗೂರಿನ ಕಡೆಯಿಂದ ಬಸ್ ಹತ್ತಿ ಬಂದವರಿದ್ದರು. ಹಾಲ್ ತುಂಬಿತು, ಎಲ್ಲ ಕಂಪ್ಯೂಟರಿನ ಮುಂದೂ ಜನ. ಎಲ್ಲರೂ ಒಟ್ಟಿಗೆ ಒತ್ತಿದರು. ಒಂದಾದ ಮೇಲೊಂದು ಎಲ್ಲ ನಿಂತವು. ನಾನು ಬೇರೆ ಬ್ಯಾನರಿನ ಅಳತೆಗೆ ಅಂತ ಹೋದವನು ಬಾಗಿಲಲ್ಲೇ ಸಿಕ್ಕಿಕೊಂಡೆ. ಅಧ್ಯಕ್ಷರು ಅವತ್ತು ಜನರಿಗೆ ಕೈಮುಗಿಯುವುದಕ್ಕೆ ಅಂತ ಬಂದಿದ್ದರು.

ಹನಗೋಡಿನ ಸಿದ್ದಲಿಂಗಮ್ಮ ಅನ್ನುವಾಕೆ, ಎರಡು ಬ್ಯಾರನ್ನಿನ ಯಜಮಾನಿ, ಗಂಟಲು ಹೆಚ್ಚೂಕಡಿಮೆ ಲಾರಿ ಹಾರನ್, ಮೊದಲು ಫ್ಲೆಕ್ಸ್ ನೋಡಿದಳು, ಆಮೇಲೆ ಅದರ ಕೆಳಗೆ ನಿಂತಿದ್ದವರನ್ನು ನೋಡಿದಳು.

"ಇದ್ನ ಬರ್ದೋನು ನೀನೇ ಅಲ್ವೇನಪ್ಪ?"

"ಹೂಂ ಕಣಮ್ಮ, ಅದೂ..."

"ಇಲ್ಲೇ ಇದ್ದೀಯಲ್ಲ! ಬಾ ಮತ್ತೆ, ಸರಿ ಮಾಡು."

"ಅದ್ಕೆ ಬೇರೆಯೋರು ಅವ್ರೆ..."

"ಬೇರೆಯೋರ ಮೊಕ ಎಲ್ಲದೆ ಅದರಲ್ಲಿ? ನಿಂದೇ ಕಾಣ್ತದೆ. ಜಗತ್ತಿಗೇ ಬರ್ಕೊಟ್ಟೋನು ಹನಗೋಡ್ನೋರ್ಗೆ ಒಂದ್ ಮಾಡ್ಕೊಡಕಿಲ್ವಾ? ಜಾಗ ಬುಡ್ರಲಾ, ಕೂರ್ಲಿ."

ಜನ ಜಾಗ ಬಿಟ್ಟರು. ಯಾರೋ ಕುರ್ಚಿಯನ್ನೂ ಒರೆಸಿದರು. ಅದು ಗೌರವವೋ ಕುಚೋದ್ಯವೋ ಹೇಳುವುದು ಕಷ್ಟ. ಅಧ್ಯಕ್ಷರು ಕೂತರು. ಎದ್ದು ಹೋಗುವುದಕ್ಕೆ ದಾರಿ ಇರಲಿಲ್ಲ. ಕೀಬೋರ್ಡಿನ ಮೇಲೆ ಕೈ ಇಟ್ಟು, ಉದ್ದದ ಕೀ ಒಂದನ್ನು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಚಲುವರಾಜು ನೀರು ತಂದುಕೊಟ್ಟ.

"ಇನ್ನೊಂದ್ ದಪ ಒತ್ತು," ಅಂದ ಹಿಂದಿನಿಂದ ಒಬ್ಬ.

"ಒತ್ತದು ನಂಗೂ ಗೊತ್ತು ಕಣ, ಇವ್ನ್ಯಾಕೆ ಬೇಕು?" ಅಂದ ಇನ್ನೊಬ್ಬ.

"ಸುಮ್ನಿರ್ಲಾ, ಯೋಚ್ನೆ ಮಾಡ್ತಾವ್ನೆ."

"ಯೋಚ್ನೆ ಅಲ್ಲ ಕಣ್ಲಾ, ಕರೆಂಟ್ ಹೋಗ್ಲಿ ಅಂತ ದ್ಯಾವ್ರ್ನ ಬೇಡ್ಕೋತಾವ್ನೆ."

ನಗು ಅಂದರೆ ನಗು. ಕರೆಂಟು ಹೋಗಲಿಲ್ಲ. ಬೇಡದ ಹೊತ್ತಿನಲ್ಲೆಲ್ಲ ಹೋಗುವ ನಮ್ಮೂರ ಕರೆಂಟು ಅವತ್ತು ಕಂಬದ ಹಾಗೆ ಅಲ್ಲಾಡದೆ ಇತ್ತು. ಸಿದ್ದಲಿಂಗಮ್ಮ ಪಕ್ಕದ ಬೆಂಚಿನಲ್ಲಿ ಎಲೆಅಡಿಕೆ ಬಿಚ್ಚಿಕೊಂಡು ಕೂತಳು. "ನಿಧಾನಕ್ಕೆ ಮಾಡಪ್ಪ. ನಮ್ಮೂರ್ ಬಸ್ಸು ಸಂಜೆಗೆ."

ಅದೇ ಮಧ್ಯಾಹ್ನ ಅಧ್ಯಕ್ಷರು ನನ್ನ ಅಂಗಡಿಗೆ ಬಂದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಚಲುವರಾಜುವನ್ನು ಕಾರಿನಲ್ಲಿಯೇ ಬಿಟ್ಟಿದ್ದರು.

"ನೋಡು ಕೂಸು. ನಿಂಗೂ ಒಂದ್ ಸನ್ಮಾನ ಮಾಡ್ಸನ. ಪೇಟ, ಶಾಲು. ಫ್ಲೆಕ್ಸಲ್ಲಿ ನಿನ್ ಫೋಟೋ, ಮೇಲ್ಗಡೆ, ದುಂಡಗೆ."

"ದುಂಡಗೆ ಕತ್ತರ್ಸೋಳು ನಾನೇ ಅಧ್ಯಕ್ಷ್ರೆ. ಅದ್ರ ಬೆಲೆ ನಂಗ್ ಗೊತ್ತು." ಅವಳು ಎದ್ದು, ತನ್ನ ಕುರ್ಚಿಯನ್ನು ಅವರ ಕಡೆಗೆ ತಳ್ಳಿದಳು. "ಕೂತ್ಕಂಡು ಬರೀರಿ. ಕನ್ನಡದಲ್ಲೇ ಬರೀರಿ. ಕೆಳ್ಗೆ ಇಂಗ್ಲಿಷಲ್ಲಿ ನಾನ್ ಹಾಕ್ತೀನಿ."

ಅವರು ಕೂತರು. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, 'ಕಾರ್ಯಬಾಹುಳ್ಯದ ನಿಮಿತ್ತ' ಅಂತ ಹೊಡೆದರು.

"ಅಳಿಸ್ರಿ."

"ಅನಾರೋಗ್ಯದ ನಿಮಿತ್ತ ಅನ್ನನಾ?"

"ನಿಮ್ಗೇನಾಗದೆ? ಗುಂಡ್ಕಲ್ಲಂಗಿದ್ದೀರಿ. ಅವ್ರು ಕೇಳಿರದು ಒಂದೇ. ಇದ್ನ ಬರ್ದೋರು ಯಾರು?"

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಅಳತೆ ಟೇಪು ಸುತ್ತುತ್ತಿದ್ದೆ, ಸುತ್ತುತ್ತಲೇ ಇದ್ದೆ.

"ಇದು ಎಷ್ಟ್ ದಿನ ಇರ್ತದೆ ಅಲ್ಲಿ?"

"ಯಾವಾಗ್ಲೂ ಇರ್ತದೆ."

"ತೆಗ್ಸಕ್ಕಾಗಕಿಲ್ವಾ? ಫ್ಲೆಕ್ಸಾದ್ರೆ ಒಂದ್ ಮಳೆಗಾಲಕ್ಕೆ ಹೋಯ್ತದೆ."

"ಆಗಕಿಲ್ಲ."

ಅಧ್ಯಕ್ಷರು ಒಂದೊಂದೇ ಅಕ್ಷರ ಹೊಡೆದರು: ಇದರಲ್ಲಿ ಒಂದು ಅಕ್ಷರವನ್ನೂ ನಾನು ಬರೆದಿಲ್ಲ. ಉಳಿದ ಯಾರೂ ಬರೆದಿಲ್ಲ. ಬರೆದದ್ದು ರೂಪಶ್ರೀ. ಇನ್ನು ಮುಂದೆ ಏನೇ ಇದ್ದರೂ ಅವಳನ್ನೇ ಕೇಳುವುದು. ಪುಟ್ಟಮಲ್ಲಪ್ಪ.

'ಶ್ರೀ' ಹಾಕುವುದನ್ನು ಮರೆತಿದ್ದರು. ಇಷ್ಟು ವರ್ಷದಲ್ಲಿ ಅವರಿಗಾಗಿ ಎಷ್ಟೋ ಬ್ಯಾನರಿನ ಮಾತು ಹೊಂದಿಸಿದ್ದೇನೆ. ಓದಿ ನಗು ಬಾರದ ಅವರ ಹೇಳಿಕೆ ಅಂತ ಇದ್ದರೆ ಇದೊಂದೇ.

ಯಾನಾ ಹೆಚ್ಚೇನೂ ಬರೆಯಲಿಲ್ಲ. ತಿಳಿಸಿದ್ದಕ್ಕೆ ವಂದನೆ ಅಂತ ಒಂದು ಸಾಲು. ಹೆಸರುಗಳ ಸಾಲು ಪೂರ್ತಿ ಹೋಗಿ ಒಂದೇ ಉಳಿಯಿತು. ತಿದ್ದುಪಡಿ ಸೇರಿತು. ಸಂಘದ ಹಾಲ್‌ನಲ್ಲಿ ಜನ ದಬದಬ ಒತ್ತಿದರೂ ಕಾರ್ಡು ನಿಲ್ಲಲಿಲ್ಲ. ಆ ದೊಡ್ಡ ಫ್ಲೆಕ್ಸನ್ನು ಸಿದ್ದಲಿಂಗಮ್ಮ ಕೇಳಿ ತೆಗೆದುಕೊಂಡು ಹೋಗಿ ಬ್ಯಾರನ್ನಿನ ಸೌದೆ ಒಟ್ಟಿಲಿಗೆ ಹೊದಿಸಿದ್ದಾಳೆ. ಫ್ಲೆಕ್ಸಿನ ನಿಜವಾದ ಉಪಯೋಗ ಅದೇ ಅಂತ ಈ ಕಸುಬಿನಲ್ಲಿ ಇರುವವನಾಗಿ ನಾನು ಬಹಳ ಹಿಂದೆಯೇ ಒಪ್ಪಿಕೊಂಡಿದ್ದೇನೆ. ಪುಟ್ಟಮಲ್ಲಪ್ಪನವರು ಈಗಲೂ ಅಧ್ಯಕ್ಷರು. ಮೊನ್ನೆ ಹೊಲಿಗೆ ಯಂತ್ರ ಹಂಚುವ ಕಾರ್ಯಕ್ರಮದ ಬ್ಯಾನರಿಗೆ ಬಂದಾಗ ಮಾತ್ರ, "ನಾನು ಹೊಲೀತಿರೋ ಥರ ಹಾಕ್ಬೇಡವ್ವ, ಸುಮ್ನೆ ನಿಂತಿರೋ ಥರ ಹಾಕು," ಅಂದರು.

ಕಳೆದ ವಾರ ರೂಪಶ್ರೀ ಯಾರದೋ ಗೃಹಪ್ರವೇಶದ ತಲೆಗಳನ್ನು ಕೂರಿಸುತ್ತಿದ್ದವಳು ಒಮ್ಮೆಗೇ ಕೂಗಿದಳು. "ಅಣ್ಣ! ಬಾರಣ್ಣ ಇಲ್ಲಿ!"

ಪೋಲೆಂಡಿನವನು ಒಬ್ಬ ಬರೆದಿದ್ದ. ಇಂಗ್ಲಿಷಿನಲ್ಲಿ, ಖಾರವಾಗಿ. ಕಂಪ್ಯೂಟರನ್ನು ಮಲಗಿಸಿ, ಅಂದರೆ ಸ್ಲೀಪಿಗೆ ಹಾಕಿ, ಎಬ್ಬಿಸಿದರೆ ಕಾರ್ಡು ಏಳುವುದಿಲ್ಲ. ಇಂಥ ಡ್ರೈವರ್ ಬರೆದವರು ಒಮ್ಮೆಯಾದರೂ ತಮ್ಮ ಕಂಪ್ಯೂಟರನ್ನು ಮಲಗಿಸಿ ನೋಡಿದ್ದಾರೆಯೇ ಅಂತ ಕೇಳಿದ್ದ. ಮೊದಲ ಪದವೇ ಅವಳ ಹೆಸರು.

"ನೋಡು," ಅಂದಳು, ಬೆರಳಿಟ್ಟು ತೋರಿಸುತ್ತ. "ನನ್ ಹೆಸರಿಡ್ದೇ ಬೈದವ್ನೆ!"

"ಮತ್ತೆ ತಪ್ಪು ಇದೆಯಾ?" ಅಂದೆ.

"ಅದೆ ಕಣ, ಅವ್ನ್ ಹೇಳದು ಸರೀಗೈತೆ. ನಾನ್ ಮಲಗ್ಸಿ ನೋಡೇ ಇಲ್ಲ." ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. "ಈ ಗೃಹಪ್ರವೇಶದೋರ ತಲೆ ನೀನೇ ಕೂರ್ಸು ಇವತ್ತು. ಬಿಳಿ ಜಾಸ್ತಿ ಬಳೀಬೇಡ."